ಆರ್ವಿಡನ ಒಂಟಿಚಕ್ರ

ಆರ್ವಿಡ್ ಬೇಕರಿಯ ಗಾಜಿನೊಳಗೆ ಕಾರು ನುಗ್ಗಿಸಿದ ದಿನವೇ ಮಗಳು ಬಂದು ಅವನ ಕಾರಿನ ಕೀಲಿ ಕಸಿದುಕೊಂಡು ಹೋಗಿದ್ದಳು. ಅಂದಿನಿಂದ ಓಡಾಟಕ್ಕೆಲ್ಲ ಆತ ಪಕ್ಕದ ಮನೆಯ ಲೊರೇನಳ ಪಾಲಾದ. ಹೆಂಡತಿ ಮಾರ್ಗಿಟ್ ತೀರಿಕೊಂಡಾಗ ಚರ್ಚಿನ ಹೆಂಗಸರೆಲ್ಲ ಮಾಂಸದ ಮೇಲೆ ಆಲೂಗಡ್ಡೆ ಹೊದಿಸಿ ಬೇಯಿಸಿದ ಹಾಟ್‌ಡಿಶ್ ಎಂಬ ಅಡುಗೆಯನ್ನು ಪಾತ್ರೆ ಸಮೇತ ತಂದುಕೊಟ್ಟಿದ್ದರು. ಅಮೆರಿಕದ ಮಿನಸೋಟದಲ್ಲಿ ಸಾವಿಗೆ ಅದೇ ಸಾಂತ್ವನ. ತಿಂದ ಮೇಲೆ ಪಾತ್ರೆ ತೊಳೆದು ಮನೆಮನೆಗೆ ಮುಟ್ಟಿಸಬೇಕು. ಅದಕ್ಕೂ ಲೊರೇನಳ ಕಾರು. ಅವಳ ಬಾಯಿ ಇಂಜಿನ್ನಿಗಿಂತ ಮೊದಲು ಶುರುವಾಗಿ, ಇಂಜಿನ್ ಆರಿದ ಮೇಲೂ ಓಡುತ್ತಿತ್ತು. ಮಾರ್ಗಿಟಳ ಸಮಾಧಿಯ ಮುಂದೆಯೂ ನಿಲ್ಲುತ್ತಿರಲಿಲ್ಲ.

ಕೊನೆಯ ಪಾತ್ರೆ ನಿನ್ನೆ ಮುಟ್ಟಿಸಿಯಾಗಿತ್ತು. ಇಂದು ಮಾರ್ಗಿಟಳ ಹುಟ್ಟುಹಬ್ಬ. 'ದೇವರೇ, ಇವತ್ತೊಂದು ದಿನ ಒಬ್ಬನೇ ಹೋಗಿ ಅವಳ ಹತ್ತಿರ ಕೂತು ಬರುತ್ತೇನೆ' ಎಂದು ಬೆಳಗಿನಿಂದ ಆರ್ವಿಡ್ ಚಡಪಡಿಸುತ್ತಿದ್ದ. ನಡೆಯಲು ಮಂಡಿ ಒಪ್ಪದು, ಸೈಕಲ್ ತುಳಿಯಲು ಮೊದಲೇ ಒಪ್ಪದು. ಅದಕ್ಕೇ ಯಾರದೋ ಅಂಗಳದಲ್ಲಿ ಹಳೇ ಸಾಮಾನು ಮಾರುವಾಗ ಬ್ಯಾಟರಿಯ ಒಂಟಿಚಕ್ರವೊಂದನ್ನು ಕೊಂಡಿದ್ದ. ಎರಡೂ ಬದಿಗೆ ಪಾದ ಇಡುವ ಹಲಗೆ. ಮುಂದೆ ವಾಲಿದರೆ ಓಡುತ್ತದೆ, ಹಿಂದೆ ವಾಲಿದರೆ ನಿಲ್ಲುತ್ತದೆ.

ಲೊರೇನಳ ಬೇಲಿ ಹಿಡಿದು ಅದರ ಮೇಲೆ ಹತ್ತಿದ. ಚಕ್ರ ಮುಂದೆ ಹೋಯಿತು, ಆರ್ವಿಡ್ ಹೋಗಲಿಲ್ಲ. ಅದು ಬಿಚ್ಚಿಬಿಟ್ಟ ಕರುವಿನಂತೆ ರಸ್ತೆ ದಾಟಿ ಎದುರುಮನೆ ಕ್ಲಾರೆನ್ಸನ ಟೊಮೇಟೊ ಮಡಿಯಲ್ಲಿ ಬಿದ್ದು ಗಿರ್ರನೆ ಮಣ್ಣು ಎರಚಿತು.

"ಇರ್ಲಿ ಬಿಡಯ್ಯ, ಇನ್ನೂ ಕೆಟ್ಟದಾಗಬಹುದಿತ್ತು," ಎಂದ ಕ್ಲಾರೆನ್ಸ್, ಕಾಫಿ ಲೋಟದ ಸಮೇತ ಎದ್ದು ಬಂದು. "ಮಂಡಿ ಬಗ್ಗಿಸು."

"ಬಗ್ಗೋ ಮಂಡಿ ಇದ್ದಿದ್ರೆ ಇದ್ಯಾಕೆ ಕೊಳ್ತಿದ್ದೆ?"

ಸತ್ತುಹೋದ ತನ್ನ ನಾಯಿಯ ಹಗ್ಗವನ್ನು ಹುಡುಕಿ ತಂದು ಆರ್ವಿಡ್ ಚಕ್ರದ ಹಿಡಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡ. ಈಗ ಚಕ್ರ ಓಡಿಹೋಗಲಿಲ್ಲ. ಬೀಳುವಾಗ ಅವನನ್ನೂ ಎಳೆದುಕೊಂಡು ಬಿತ್ತು. ಅಷ್ಟರಲ್ಲಿ ಲೊರೇನ್ ಹೊರಬಂದಳು.

"ಅಯ್ಯೋ ಮಾರಾಯ, ಎಲ್ಲಿಗೆ ಹೋಗ್ಬೇಕು ಹೇಳು, ನಾನು ಕಾರಲ್ಲಿ ಬಿಡಲ್ವಾ?"

"ಎಲ್ಲಿಗೂ ಇಲ್ಲ. ವ್ಯಾಯಾಮ."

"ಸೊಂಟಕ್ಕೆ ದಿಂಬು ಕಟ್ಕೋ ಹಾಗಾದ್ರೆ!"

ದಿಂಬೂ ಬಂತು. ಬೀದಿಯವರೆಲ್ಲ ಕುರ್ಚಿ ತಂದು ಹಾಕಿಕೊಂಡರು. ಬಲಕ್ಕೆ ವಾಲು ಎಂದವರೊಬ್ಬರು, ಉಸಿರು ಬಿಡು ಎಂದವರೊಬ್ಬರು. ಸಂಜೆಯ ಹೊತ್ತಿಗೆ ಆರ್ವಿಡನ ಮೈ ಜಜ್ಜಿದ ಶುಂಠಿಯಾಗಿತ್ತು. ಇನ್ನು ಇವತ್ತಿಗೆ ಆಗದು ಎನಿಸಿ, ಚಕ್ರದ ಮೇಲೆ ಬೇಲಿ ಹಿಡಿದು ನಿಂತಲ್ಲೇ ದೂರದ ಗುಡ್ಡದತ್ತ ನೋಡಿದ. ಸ್ಮಶಾನದ ಪೈನ್ ಮರಗಳ ತುದಿ ಕಾಣುತ್ತಿತ್ತು.

ಕಾಲು ನೋಡುವುದನ್ನು ಬಿಟ್ಟು ದೂರ ನೋಡಿದ್ದೇ ತಡ, ಚಕ್ರ ನೆಟ್ಟಗಾಯಿತು. ಬೇಲಿ ಹಿಂದೆ ಉಳಿಯಿತು.

"ಹೋದ, ಹೋದ!" ಎಂದಳು ಲೊರೇನ್. "ನಿಲ್ಲಿಸೋಕೆ ಬರುತ್ತೇನೋ ನಿಂಗೆ?"

ಬರುತ್ತಿರಲಿಲ್ಲ. ಹಿಂದೆ ವಾಲಲು ಆರ್ವಿಡನಿಗೆ ಧೈರ್ಯ ಸಾಲದು. ಲೊರೇನ್ ಕಾರು ಹತ್ತಿ ಬೆನ್ನಟ್ಟಿದಳು; ಅವಳ ಹಿಂದೆ ತನ್ನ ಕಾರಿನಲ್ಲಿ ಕ್ಲಾರೆನ್ಸ್, ಅವನ ಹಿಂದೆ ಬೀದಿಗೆ ಬೀದಿಯೇ. ಹಿಂದಿನಿಂದ ಯಾರೂ ಗುದ್ದದಿರಲೆಂದು ಎಲ್ಲರೂ ಕಾರಿನ ದೀಪ ಹಾಕಿಕೊಂಡು ಆಮೆಯಂತೆ ಸಾಗಿದರು. ದೀಪ ಹಾಕಿಕೊಂಡು ಸ್ಮಶಾನದ ಕಡೆ ಸಾಲಾಗಿ ಹೋಗುವ ಕಾರುಗಳೆಂದರೆ ಆ ಊರಲ್ಲಿ ಒಂದೇ ಅರ್ಥ, ಶವಯಾತ್ರೆ. ಎದುರಿನ ವಾಹನಗಳು ಬದಿಗೆ ನಿಂತವು. ಗಂಡಸರು ಟೋಪಿ ತೆಗೆದರು.

ತಿರುವಿನಾಚೆ ಮುಂದೆ ಸಾಗಿದ್ದ ಆರ್ವಿಡನಿಗೆ ಇದೊಂದೂ ಗೊತ್ತಿಲ್ಲ. ಗೇಟು ದಾಟಿ, ಹುಲ್ಲು ಹತ್ತಿ, ಮಾರ್ಗಿಟಳ ಸಮಾಧಿಗಲ್ಲನ್ನು ತಬ್ಬಿಕೊಂಡೇ ನಿಂತ. ಚಕ್ರ ಪಕ್ಕದಲ್ಲಿ ಮಗುಚಿ ಪೀಪೀ ಎಂದು ಅತ್ತು ಸುಮ್ಮನಾಯಿತು. ಎಂಥ ನಿಶ್ಶಬ್ದ!

"ಬಂದೆ ಕಣೇ," ಎಂದ, ಕಲ್ಲಿಗೆ ಕೆನ್ನೆಯಿಟ್ಟು. "ಇವತ್ತು ನಾನೊಬ್ನೇ..."

ಧಡ್, ಧಡ್, ಧಡ್ ಎಂದು ಕಾರುಗಳ ಬಾಗಿಲು ಬಡಿದವು.

"ಮಾರ್ಗಿಟ್! ನೋಡೇ ನಿನ್ನ ಗಂಡನ್ನ, ದಿಂಬು ಕಟ್ಕೊಂಡು ಬಂದಿದಾನೆ!" ಎಂದಳು ಲೊರೇನ್.

ಹೊರಡುವ ಹೊತ್ತಿಗೆ ಕತ್ತಲಾಗಿತ್ತು; ಬ್ಯಾಟರಿ ಮುಗಿದಿದ್ದರಿಂದ ಮನೆಗೆ ಲೊರೇನಳ ಕಾರೇ ಗತಿಯಾಯಿತು. ಆರ್ವಿಡನ ಮನೆಯ ಜಗಲಿಯ ತುಂಬ ಚರ್ಚಿನ ಹೆಂಗಸರು. ಮುಂದೆ ನಿಂತಿದ್ದ ಹಲ್ಡಾ ಕಣ್ಣೊರೆಸಿಕೊಂಡು ಲೊರೇನಳ ಕೈ ಹಿಡಿದಳು.

"ನಿಮ್ಮ ಬೀದಿಯವ್ರೆಲ್ಲ ಸ್ಮಶಾನಕ್ಕೆ ಕಾರಲ್ಲಿ ಹೋಗ್ತಿದ್ರಿ, ಆರ್ವಿಡ್ ಒಬ್ಬ ಯಾವ ಕಾರಲ್ಲೂ ಇರ್ಲಿಲ್ಲ. ಆಗ್ಲೇ ತಿಳೀತು, ಪಾಪ ಹೆಂಡ್ತಿ ಹಿಂದೇನೇ..."

ಅವಳ ಮಾತು ಅಲ್ಲಿಗೆ ನಿಂತಿತು. ಕಾರಿನಿಂದ ದಿಂಬಿನ ಸಮೇತ ಆರ್ವಿಡ್ ಇಳಿಯುತ್ತಿದ್ದ.

ಹಲ್ಡಾಗೆ ಸ್ವಲ್ಪ ಸಿಟ್ಟೂ ಬಂದಂತಿತ್ತು. ಬಟ್ಟೆಯಲ್ಲಿ ಸುತ್ತಿದ ಬಿಸಿ ಪಾತ್ರೆಯನ್ನು ಅವನ ಕೈಗಿಟ್ಟು, "ಮಾಡಿದ್ದು ಮಾಡಿಯಾಯ್ತು, ತಿನ್ನು. ಪಾತ್ರೆ ಮಾತ್ರ ಮರೀದೆ ವಾಪಸ್ ಕೊಡು," ಎಂದಳು.

ಅವಳ ಹಿಂದೆ ಜಗಲಿಯ ಉದ್ದಕ್ಕೂ ಹಾಟ್‌ಡಿಶ್‌ಗಳು ಹಬೆಯಾಡುತ್ತಿದ್ದವು. ಲೊರೇನ್ ಅವುಗಳನ್ನೆಲ್ಲ ಕಣ್ಣಲ್ಲೇ ಅಳೆದು ಕಾರಿನ ಕೀಲಿ ಕುಲುಕಿದಳು.

"ಚಿಂತೆ ಮಾಡ್ಬೇಡ ಆರ್ವಿಡ್. ಒಂದೊಂದು ಮನೆಗೂ ನಾನೇ ಕರ್ಕೊಂಡು ಹೋಗ್ತೀನಿ."