ಅತ್ತೆಯ ಕುರ್ಚಿಯಲ್ಲಿ ಬಾತುಕೋಳಿ

ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ತಾವು ಕಲಿತು ಮುಗಿಸುವ ಮೊದಲೇ ಕನ್ನಡಕದಂಗಡಿಯ ಯಜಮಾನರು ಅದನ್ನು ಲೋಕಕ್ಕೆಲ್ಲ ಕಲಿಸುವ ಪಣ ತೊಟ್ಟರು. ಗಿರಾಕಿಗಳ ಕಣ್ಣಿನ ಪವರ್ ಬರೆದಿಡಲು ಅವರು ಸ್ವಂತ ಕೈಯಾರೆ ಒಂದು ಪ್ರೋಗ್ರಾಂ ಬರೆದಿದ್ದರು. ಅದು ಒಮ್ಮೊಮ್ಮೆ ಸರಿಯಾಗಿಯೂ ನಡೆಯುತ್ತಿತ್ತು! ಧೈರ್ಯಕ್ಕೆ ಅಷ್ಟು ಸಾಕಾಯಿತು. ಒಂದು ಸಂಜೆ ಅಂಗಡಿ ಮುಚ್ಚಿ ಬಂದವರೇ ‘ಪೈಥಾನ್ ಕಲಿಯುವವರಿಗೆ ಉಚಿತ ನೆರವು. ಯಾವ ಪ್ರಶ್ನೆಯಾದರೂ ಕೇಳಬಹುದು’ ಎಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಗೇಟಿಗೆ ಕಟ್ಟಿದರು.

ಹೆಂಡತಿ ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದು ಗೇಟಿನ ಮುಂದೆ ನಿಂತು ಓದಿದರು.

“ರೀ, ಯಾವ ಪ್ರಶ್ನೆಯಾದ್ರೂ ಅಂತ ಯಾಕೆ ಬರೆದ್ರಿ? ನನಗೆ ಗೊತ್ತಿರೋ ಪ್ರಶ್ನೆ ಅಂತ ಬರೀರಿ.”

“ನೋಡ್ತಿರು ನೀನು. ನಮ್ಮ ಮನೆ ಮುಂದೆ ಜನ ಸಾಲು ನಿಲ್ತಾರೆ.”

ಸಾಲೇನೋ ನಿಂತಿತು. ಆ ಮಟ್ಟಿಗೆ ಯಜಮಾನರ ಮಾತು ಸುಳ್ಳಾಗಲಿಲ್ಲ.

ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಳಕೋಣೆಯಲ್ಲಿ ಮೇಜಿನ ಹಿಂದೆ ವಿರಾಜಮಾನರಾದರು. ಎದುರಿಗೊಂದು ಖಾಲಿ ಕುರ್ಚಿ, ಗೋಡೆಗೊಂದು ಬಿಳಿ ಹಲಗೆ, ಕೈಯಲ್ಲಿ ಮೂರು ಬಣ್ಣದ ಪೆನ್ನು. ಆದರೆ ಒಳಕೋಣೆಗೆ ಬರಬೇಕಾದರೆ ವರಾಂಡ ದಾಟಿ ಬರಬೇಕಿತ್ತು. ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಅವರ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಹಗಲೆಲ್ಲ ಅವರಿಗೆ ಮಾತಿಗೆ ಸಿಗುತ್ತಿದ್ದವರೆಂದರೆ ಹಾಲಿನವನು ಮತ್ತು ಪಕ್ಕದ ಮನೆಯ ಬೆಕ್ಕು, ಇಬ್ಬರೇ.

ಮೊದಲು ಬಂದವನು ಬಸ್ ಡ್ರೈವರ್. ಮನೆಗೆ ಬಂದವರನ್ನು ಸುಮ್ಮನೆ ಕೂರಿಸುವುದು ಹೇಗೆಂದು ಅತ್ತೆ ಏನು ತೊಂದರೆ ಎಂದು ವಿಚಾರಿಸಿದರು. ಡ್ರೈವರ್ ಹೇಳಿಕೊಂಡ. ದಿನದ ಓಡಾಟ ಲೆಕ್ಕ ಹಾಕಲು ಪ್ರೋಗ್ರಾಂ ಬರೆದಿದ್ದಾನೆ. ಬೆಳಗಿನ ನಲವತ್ತು ಕಿಲೋಮೀಟರಿಗೆ ಸಂಜೆಯ ಮೂವತ್ತು ಕೂಡಿಸು ಅಂದರೆ ಅದು ಎಪ್ಪತ್ತು ಅನ್ನುವುದು ಬಿಟ್ಟು ನಾಲ್ಕು ಸಾವಿರದ ಮೂವತ್ತು ಅನ್ನುತ್ತಿದೆ! ಅಷ್ಟು ಓಡಿಸಿದ್ದರೆ ಬಸ್ಸು ಸಮುದ್ರಕ್ಕೆ ಬಿದ್ದಿರುತ್ತಿತ್ತು.

ಅತ್ತೆಗೆ ಇದರ ತಲೆಬುಡ ತಿಳಿಯಲಿಲ್ಲ. ಆದರೂ ಅವನ ಮುಖವನ್ನೇ ನೋಡುತ್ತಾ, “ಹೂಂ. ಮೊದ್ಲಿಂದ ಹೇಳಪ್ಪ,” ಅಂದರು.

“ಮೊದ್ಲು ನಾನು ನಲವತ್ತು ಅಂತ ಟೈಪ್ ಮಾಡ್ತೀನಿ ಅಮ್ಮ.”

“ಹೂಂ. ಆಮೇಲೆ?”

“ಆಮೇಲೆ ಅದು ಅದನ್ನ ತಗೊಳುತ್ತೆ. ಟೈಪ್ ಮಾಡಿದ್ದನ್ನ ಅದು ಅಕ್ಷರ ಅಂತಾನೇ ತಗೊಳೋದು…” ಮಾತಾಡುತ್ತಾ ತಾನೂ ಸುಲಿಯತೊಡಗಿದ್ದ ಡ್ರೈವರ್ ಕೈಯಲ್ಲಿ ಬಟಾಣಿ ಕೋಡು ಹಾಗೇ ನಿಂತಿತು. “ಅಯ್ಯೋ! ಅಂಕಿ ಅಂತ ಬದಲಾಯಿಸೋದನ್ನೇ ನಾನು ಮರೆತಿದೀನಿ. ಅದಕ್ಕೇ ಅಕ್ಕಪಕ್ಕ ಅಂಟಿಸಿಬಿಟ್ಟಿದೆ!”

ಅವನು ಕೈಮುಗಿದು, ಒಳಕ್ಕೆ ಕಾಲಿಡದೆ ಗೇಟು ದಾಟಿ ಹೋದ. ಮರುದಿನ ಒಬ್ಬಳು ನರ್ಸ್ ಬಂದಳು. ಅವಳ ಪ್ರೋಗ್ರಾಂ ಒಮ್ಮೆ ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಅತ್ತೆ ಮೂರನೆಯ ಸಲ ‘ಆಮೇಲೆ?’ ಅನ್ನುವಷ್ಟರಲ್ಲಿ, ಎಲ್ಲಿ ನಿಲ್ಲಬೇಕೆಂದು ತಾನು ಅದಕ್ಕೆ ಹೇಳಿಯೇ ಇಲ್ಲ ಎಂಬುದು ಅವಳಿಗೇ ಹೊಳೆಯಿತು. ಅವಳೂ ಹೊರಗಿನಿಂದ ಹೊರಗೇ ಹೋದಳು. ಸುದ್ದಿ ಹಬ್ಬಿತು. ವರಾಂಡದಲ್ಲಿ ಬೆಂಚು ಬಂತು, ಬೆಂಚು ತುಂಬಿತು. ಬಂದವರೆಲ್ಲ ಮಾತಾಡುತ್ತಾ ಕೈಯಾಡಿಸಿದ್ದರಿಂದ ಮನೆಯಲ್ಲಿ ಸುಲಿದ ಬಟಾಣಿ ಇಡಲು ಪಾತ್ರೆ ಸಾಲದಾಯಿತು. ಒಳಕೋಣೆಯ ಮಹಾಗುರುಗಳು ಮಾತ್ರ ಇಸ್ತ್ರಿ ಕೆಡದಂತೆ ಕೂತಲ್ಲೇ ಕೂತು ನೊಣ ಹೊಡೆಯುತ್ತಿದ್ದರು.

ಯಜಮಾನರಿಗೆ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಅಂತರ್ಜಾಲವನ್ನೆಲ್ಲ ಜಾಲಾಡಿ ಅವರು ಒಂದು ಬ್ರಹ್ಮಾಸ್ತ್ರ ಹುಡುಕಿ ತೆಗೆದರು. ಪ್ರೋಗ್ರಾಂ ಬರೆಯುವವರಲ್ಲಿ ಒಂದು ಪದ್ಧತಿಯಿದೆಯಂತೆ. ಮೇಜಿನ ಮೇಲೆ ಒಂದು ರಬ್ಬರ್ ಬಾತುಕೋಳಿ ಇಟ್ಟುಕೊಂಡು, ಬರೆದದ್ದನ್ನು ಸಾಲುಸಾಲಾಗಿ ಅದಕ್ಕೆ ವಿವರಿಸುತ್ತಾ ಹೋದರೆ ತಪ್ಪು ತಾನಾಗಿ ಸಿಕ್ಕಿಬೀಳುತ್ತದಂತೆ. ಯಜಮಾನರು ಆಟಿಕೆ ಅಂಗಡಿಗೆ ಹೋಗಿ ಹಳದಿ ಬಾತುಕೋಳಿ ತಂದರು. ಅತ್ತೆ ಸಂಜೆಯ ವಾಕಿಂಗ್‌ಗೆ ಹೋದ ಹೊತ್ತು ನೋಡಿ ಅದನ್ನು ಬೆತ್ತದ ಕುರ್ಚಿಯ ಮೇಲೆ ಪ್ರತಿಷ್ಠಾಪಿಸಿದರು. ಕಲಿಯುವವರೆಲ್ಲ ಇದ್ದ ಫೋನಿನ ಗುಂಪಿಗೆ ಸಂದೇಶವನ್ನೂ ಕಳಿಸಿದರು: ‘ಇದರಲ್ಲಿ ನಮ್ಮ ಅತ್ತೆಯವರ ವಿಶೇಷವೇನೂ ಇಲ್ಲ. ಅವರ ಬದಲು ಬಾತುಕೋಳಿಯಾದರೂ ನಡೆಯುತ್ತದೆ. ಕಠಿಣ ಪ್ರಶ್ನೆಗಳಿಗೆ ಒಳಗೆ ಬನ್ನಿ.’

ಅತ್ತೆ ವಾಕಿಂಗ್ ಮುಗಿಸಿ ಬಂದರೆ ಕುರ್ಚಿಯಲ್ಲಿ ಬಾತುಕೋಳಿ! ಇದೇನೆಂದು ಕೇಳಿದಾಗ, ಬೆಂಚಿನಲ್ಲಿ ಕೂತಿದ್ದ ಡ್ರೈವರ್ ಪಾಪ, ನಡೆದದ್ದು ತಿಳಿಸೋಣವೆಂದು ಸಂದೇಶವನ್ನು ಗಟ್ಟಿಯಾಗಿ ಓದಿಬಿಟ್ಟ. ಅತ್ತೆ ನೇರ ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿಕೊಂಡು, ಎರಡು ಬೀದಿ ಆಚೆಗಿದ್ದ ದೊಡ್ಡ ಮಗಳ ಮನೆಗೆ ನಡೆದರು.

“ನಮ್ಮಮ್ಮನ್ನ ಬಾತುಕೋಳಿ ಅಂದ್ರಂತೆ?” ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದರು.

“ಬಾತುಕೋಳಿ ಅನ್ನಲಿಲ್ಲ ಕಣೇ. ಬಾತುಕೋಳಿಯಾದ್ರೂ ನಡೆಯುತ್ತೆ ಅಂದೆ.”

“ಅಂದ್ರೆ ಅದಕ್ಕಿಂತ ಕಡೆ ಅಂತಾಯ್ತು.”

ಅಮ್ಮ ವಾಪಸ್ ಬರುವ ತನಕ ಈ ಮನೆಯಲ್ಲಿ ಗಂಡನ ಜೊತೆಗೂ ಬಾತುಕೋಳಿಯೇ ಮಾತಾಡಲಿ ಎಂದು ಹೆಂಡತಿ ಬಾಯಿಗೆ ಬೀಗ ಹಾಕಿಕೊಂಡರು.

ಬಾತುಕೋಳಿಯೋ, ತನ್ನ ಪಾಲಿನ ಕೆಲಸ ನೆಟ್ಟಗೆ ಮಾಡಲಿಲ್ಲ. ನರ್ಸ್ ಅದರ ಮುಂದೆ ಎರಡು ಸಾಲು ಹೇಳಿ ನಾಚಿಕೆಯಾಗಿ ಎದ್ದಳು. ಇದು ಕೇಳಿಸಿಕೊಳ್ಳುವುದೇ ಇಲ್ಲ ಎಂದು ಡ್ರೈವರ್ ದೂರು ಕೊಟ್ಟ. ಕೊನೆಗೆ ಬೇರೆ ದಾರಿಯಿಲ್ಲದೆ ನರ್ಸ್ ಒಳಕೋಣೆಗೆ ಬಂದಳು. ಯಜಮಾನರ ಜನ್ಮ ಸಾರ್ಥಕವಾಯಿತು! ಅವಳು ಬಾಯಿ ತೆರೆಯುವ ಮೊದಲೇ ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆ ತಿರುಗಿಸಿಕೊಂಡು, ಮೂರೂ ಬಣ್ಣದ ಪೆನ್ನು ಖಾಲಿಯಾಗುವಷ್ಟು ಪಾಠ ಹೇಳಿ, ಅಲ್ಲಿ ಅಳಿಸಿ ಇಲ್ಲಿ ಸೇರಿಸಿದರು. ಬರುವಾಗ ಕುಂಟುತ್ತಿದ್ದ ಪ್ರೋಗ್ರಾಂ ಹೋಗುವಾಗ ನೆಲಕಚ್ಚಿತ್ತು. ನರ್ಸ್ ಅಳುಮುಖ ಮಾಡಿಕೊಂಡು ಥ್ಯಾಂಕ್ಸ್ ಹೇಳಿ ಹೋದಳು. ಮರುದಿನದಿಂದ ಬೆಂಚು ಖಾಲಿ.

ಖಾಲಿ ಬೆಂಚು, ಮೌನವ್ರತದ ಹೆಂಡತಿ, ಸುಲಿಯದ ಬಟಾಣಿಯ ರಾಶಿ. ಆ ಮನೆಯಲ್ಲಿ ಯಜಮಾನರಿಗೆ ಕೂತಲ್ಲಿ ಕೂರಲಾಗಲಿಲ್ಲ. ನರ್ಸಿನ ಮುಖ ನೆನಪಾದಾಗಲೆಲ್ಲ ನಿಜಕ್ಕೂ ನಾಚಿಕೆಯಾಗುತ್ತಿತ್ತು. ಅಂಗಡಿಗೆ ಅರ್ಧ ದಿನ ರಜೆ ಹಾಕಿ, ದಾರಿಯುದ್ದಕ್ಕೂ ಒಂದು ಭಾಷಣ ಬಾಯಿಪಾಠ ಮಾಡಿಕೊಳ್ಳುತ್ತಾ ಹೆಂಡತಿಯ ಅಕ್ಕನ ಮನೆ ಬಾಗಿಲು ತಟ್ಟಿದರು.

ಅತ್ತೆ ಮೆಟ್ಟಿಲ ಬಳಿ ಸ್ಟೂಲು ಹಾಕಿಕೊಂಡು ಕೂತಿದ್ದರು. ತಪ್ಪು ತಿಳಿವಳಿಕೆ ಆಗಿದೆ, ಸಂದೇಶದ ಉದ್ದೇಶ ಶುದ್ಧ ತಾಂತ್ರಿಕವಾದದ್ದು ಎಂದು ಯಜಮಾನರು ಶುರು ಹಚ್ಚಿಕೊಂಡರು.

“ಹೂಂ. ಮೊದ್ಲಿಂದ ಹೇಳಿ ಅಳಿಯಂದ್ರೇ,” ಅಂದರು ಅತ್ತೆ.

“ಮೊದ್ಲು ನಾನು ಬೋರ್ಡು ಕಟ್ಟಿದೆ ಅತ್ತೆ. ಜನ ಬಂದ್ರು.”

“ಆಮೇಲೆ?”

“ಆಮೇಲೆ ಅವರು ಒಳಗೆ ಬರಲಿಲ್ಲ. ನಿಮ್ಮ ಹತ್ರಾನೇ ಮಾತಾಡಿ ಹೋಗ್ತಿದ್ರು.”

“ಹೂಂ. ಆಮೇಲೆ?”

ಭಾಷಣ ಅಲ್ಲಿಗೇ ನಿಂತಿತು. ಯಜಮಾನರು ಚಪ್ಪಲಿ ನೋಡಿಕೊಂಡರು.

“ಆಮೇಲೆ… ನನಗೆ ಹೊಟ್ಟೆಕಿಚ್ಚಾಯ್ತು ಅತ್ತೆ. ಅಷ್ಟೇ.”

“ತಪ್ಪು ಸಿಕ್ತಲ್ಲ,” ಅಂದು ಅತ್ತೆ ಎದ್ದರು. “ಆ ಮಕ್ಕಳು ಹೇಳೋದು ನನಗೇನು ಅರ್ಥ ಆಗುತ್ತೆ ಅಂದ್ಕೊಂಡ್ರಾ? ಒಂದಕ್ಷರ ಆಗಲ್ಲ. ಯಾರೋ ಬಂದು ನನ್ನ ಪಕ್ಕ ಕೂತು ಮಾತಾಡ್ತಿದ್ರಲ್ಲ, ನನಗೆ ಅದೇ ಖುಷಿಯಾಗಿತ್ತು. ಇರಿ, ಬ್ಯಾಗ್ ತರ್ತೀನಿ.”

ಅಷ್ಟು ಸಣ್ಣ ಖುಷಿಯನ್ನು ಕಿತ್ತುಕೊಳ್ಳಲು ಹೋಗಿದ್ದೆನಲ್ಲ ಎಂದುಕೊಳ್ಳುತ್ತಾ ಯಜಮಾನರು ಬ್ಯಾಗನ್ನು ತಾವೇ ಹೊತ್ತರು. ಅಮ್ಮನನ್ನು ಕಂಡ ಹೆಂಡತಿಯ ಬಾಯಿಯ ಬೀಗ ಕಳಚಿ, ಕೂಡಿಟ್ಟಿದ್ದ ಮಾತೆಲ್ಲ ಒಂದೇ ಸಲ ಹೊರಬಿತ್ತು. ಯಜಮಾನರಿಗೆ ಅದೂ ಹಿತವಾಗಿಯೇ ಕೇಳಿಸಿತು. ಎರಡು ದಿನದಲ್ಲಿ ವರಾಂಡ ಮತ್ತೆ ತುಂಬಿತು, ಹಳಬರ ಜೊತೆ ಹೊಸಬರೂ ಬಂದರು.

ಆ ವಾರವೇ ಅಂಗಡಿಯ ಪ್ರೋಗ್ರಾಂ ಕೈಕೊಟ್ಟು, ಎಲ್ಲ ಗಿರಾಕಿಗಳ ಎಡಗಣ್ಣನ್ನೂ ಬಲಗಣ್ಣನ್ನೂ ಅದಲುಬದಲು ಮಾಡಿತು. ಯಜಮಾನರು ಲ್ಯಾಪ್‌ಟಾಪ್ ಎತ್ತಿಕೊಂಡು, ಬೆಂಚಿನ ತುದಿಯಲ್ಲಿ ಹೋಗಿ ಕೂತರು. ಹಿಂದಿನ ದಿನವಷ್ಟೇ ಮೊದಲ ಸಲ ಬಂದಿದ್ದ ಕಾಲೇಜು ಹುಡುಗಿಯೊಬ್ಬಳು ಪಕ್ಕದಲ್ಲಿದ್ದಳು. ಅವರ ಬೆವರಿದ ಮುಖ ಕಂಡು ಅವಳಿಗೆ ಕರುಣೆ ಉಕ್ಕಿತು.

“ಹೊಸಬ್ರಾ ಅಂಕಲ್? ಏನೂ ಹೆದರ್ಕೋಬೇಡಿ,” ಅಂದಳು ಮೆಲ್ಲಗೆ. “ಅಜ್ಜಿ ತುಂಬ ಒಳ್ಳೆಯವರು. ಒಳಗಡೆ ಯಾರೋ ಒಬ್ರು ಸರ್ ಇದಾರಂತೆ, ಅವರ ಕೈಗೆ ಮಾತ್ರ ಲ್ಯಾಪ್‌ಟಾಪ್ ಕೊಡ್ಬೇಡಿ.”