ನುಣುಪಿನ ವೈರಿ ನಮ್ಮ ಮಾವ

ನಮ್ಮ ಸೋದರಮಾವನಿಗೆ ಜಗತ್ತಿನಲ್ಲಿ ಒಬ್ಬನೇ ವೈರಿ: ನುಣುಪು! ಕಾಲುವೆ ನೀರು ಬಂದು, ಭತ್ತ ಬೆಳೆದು, ಊರವರೆಲ್ಲ ಮನೆಗೆ ಪಾಲಿಶ್ ಕಲ್ಲು ಹಾಸಿಸಿದರು. ಅತ್ತೆಯ ಕಾಟಕ್ಕೆ ಈತನೂ ಹಾಸಿಸಿದ. ಮರುದಿನವೇ ಅದರ ಮೇಲೆ ಮರಳು ಚೆಲ್ಲಿದ. ಸೈಕಲ್ಲಿನ ಬ್ರೇಕು ಸದಾ ಚಕ್ರಕ್ಕೆ ತಾಗಿಯೇ ಇರಬೇಕು. ಶಹಾಪುರದ ಇಳಿಜಾರಿನಲ್ಲೂ ಬೆವರು ಸುರಿಸಿ ಪೆಡಲ್ ತುಳಿಯುವವನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಇಂಥವನ ಜತೆ, ಅಕ್ಕನ ಮದುವೆಯ ಅಲಮಾರಿಯನ್ನು ಸುರಪುರದ ಅವಳ ಗಂಡನ ಮನೆಗೆ ಮುಟ್ಟಿಸಲು ನಾನು ಹೊರಟೆ. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ.

"ಕನ್ನಡಿ ಒಡದ್ರ ಹೊಸ ಮನ್ಯಾಗ ಆಕಿ ಜಲ್ಮಪೂರ್ತಿ ಮಾತು ಕೇಳಬೇಕಾಗ್ತದ," ಎಂದು ಅವ್ವ ಎಚ್ಚರಿಸಿದ್ದಳು.

ಟ್ರ್ಯಾಕ್ಟರ್ ಟ್ರಾಲಿಯಿಂದ ಅಕ್ಕನ ಮನೆಯ ಅಂಗಳಕ್ಕೆ ಹಲಗೆ ಇಳಿಬಿಟ್ಟು, ಮಾವ ಅದರ ಮೇಲೆ ಗೋಣಿಚೀಲ ಹೊದಿಸಿದ. ಕನ್ನಡಿ ಮೇಲಾಗಿ ಮಲಗಿಸಿದ ಅಲಮಾರಿ ಎಷ್ಟು ನೂಕಿದರೂ ಕದಲಲೊಲ್ಲದು. ಅಕ್ಕನ ಅತ್ತೆ, ಓಣಿಯ ಹೆಂಗಸರು, ಎಲ್ಲರ ಕಣ್ಣೂ ನನ್ನ ಬಡಕಲು ತೋಳುಗಳ ಮೇಲೆ. ಮಾವ ನೀರು ಕುಡಿಯಲು ಹೋದದ್ದೇ ತಡ, ನಾನೆಂಬ ಮಹಾ ಮೇಧಾವಿ ಚೀಲ ಕಿತ್ತೆಸೆದು, ಒಗೆಯುವ ಕಲ್ಲಿನ ಮೇಲಿದ್ದ ಸಾಬೂನನ್ನು ಹಲಗೆಗೆ ಬಳಿದೆ!

ಬೆರಳು ತಾಗಿಸಿದೆನಷ್ಟೆ. ಅಲಮಾರಿ ಹೊರಟಿತು. ಹಲಗೆ ಮುಗಿದರೂ ನಿಲ್ಲಲಿಲ್ಲ. ಅಂಗಳದ ಹಾಸುಗಲ್ಲಿನ ಮೇಲೆ ಸೀದಾ ಬಾಗಿಲ ಮೆಟ್ಟಿಲ ಕಡೆಗೇ. ಮೆಟ್ಟಿಲ ಮೇಲೆ ಅಕ್ಕ, ಕಂಬದ ಹಾಗೆ ನಿಂತುಬಿಟ್ಟಿದ್ದಾಳೆ.

ಮಾವ ಎಲ್ಲಿಂದ ಓಡಿಬಂದನೋ! ಅಲಮಾರಿಗೆ ಕಟ್ಟಿದ್ದ ಹಗ್ಗದ ತುದಿ ಹಿಡಿದು, ಬರಿಗಾಲಿನ ಹಿಮ್ಮಡಿ ಕಲ್ಲಿಗೆ ಊರಿ ಜಗ್ಗಿದ. ಹಗ್ಗ ಅಂಗೈಯಲ್ಲಿ ಸರ್ರನೆ ಜಾರಿತು. ಬಿಡಲಿಲ್ಲ. ಅಲಮಾರಿ ತನ್ನ ಜತೆ ಅವನನ್ನೂ ಎಳೆಯಿತು, ನಿಧಾನವಾಯಿತು, ಮೆಟ್ಟಿಲಿಗೆ ಗೇಣು ದೂರದಲ್ಲಿ ನಿಂತಿತು. ಕನ್ನಡಿಯಲ್ಲಿ ಆಕಾಶ ಇಡಿಯಾಗಿಯೇ ಇತ್ತು.

ಮಾವ ಕೈ ಎತ್ತಿಕೊಂಡು ನನ್ನ ಕಡೆ ಬಂದ. ಕಪಾಳಕ್ಕೆ ಬಿತ್ತು ಅಂದುಕೊಂಡು ಕಣ್ಣು ಮುಚ್ಚಿದೆ. ಅಂಗೈಯನ್ನು ಮೆಲ್ಲಗೆ ಕೆನ್ನೆಗಿಟ್ಟ. ಕಾದ ಹಂಚು!

"ಅದರ ಓಟ ಎಲ್ಲಿ ಹೋತು, ತಿಳೀತೇನಲೇ ಅಳಿಯಾ? ಇಲ್ಲಿ ಬಂದು ಕುಂತದ."

ಹೊರಡುವಾಗ ಹೊಸ ತಕರಾರು. ಮತ್ತೊಮ್ಮೆ ಚಹಾ ಬೇಕೆಂದ. ಅಲಮಾರಿಯ ಕಾಲು ಅಲ್ಲಾಡುತ್ತದೆಂದು ಒಳಗೆ ಹೋಗಿಬಂದ. ಟ್ರಾಲಿಯ ಕೊಂಡಿ ಸರಿಯಿಲ್ಲವೆಂದು ಡ್ರೈವರನ ಜತೆ ಜಗಳ ತೆಗೆದ. ನನಗೋ ರೇಗಿಹೋಯಿತು. ಕೊನೆಗೆ ಅಕ್ಕನೇ ಹತ್ತಿರ ಬಂದಳು.

"ನಾ ಇಲ್ಲಿ ಛಲೋ ಇರ್ತೀನಿ ಮಾವಾ. ನೀ ಹೊಂಡು."

"ಹೋಗ್ತೀನವ್ವಾ. ಅವಸರ ಏನದ?" ಎಂದವನು ಅರಿವೆ ಸುತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಮತ್ತೆ ಮೆಟ್ಟಿಲ ಮೇಲೆಯೇ ಕುಳಿತ.

ಎಂಜಿನ್ ಆರಿಸಲು ಡ್ರೈವರನಿಗೆ ಹೇಳಿ, ನಾನೂ ಮಾವನ ಪಕ್ಕದಲ್ಲಿ ಕೂತೆ.