ಮೂರು ಲೈಟಿಗೆ ಮೂರು ನಮಸ್ಕಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಳ್ಯದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿರುವ ನನ್ನ ಹೆಸರು ಊರಿನ ಗೋಡೆಗಳ ಮೇಲೆ ಉಳಿದಿದ್ದರೆ ಅದು ನಾನು ತೆಗೆದ ಫೋಟೊಗಳಿಂದಲ್ಲ, ಕತ್ತರಿಸಿದ ಫೋಟೊಗಳಿಂದ. ನಮ್ಮ ಕಡೆಯ ಹಿರಿಯರು ತಮಗೋಸ್ಕರ ಎಂದು ಕ್ಯಾಮರಾದ ಮುಂದೆ ಕುಳಿತವರೇ ಅಲ್ಲ. ಯಾರದೋ ಮದುವೆಯಲ್ಲಿ ಯಾರೋ ಕೈಹಿಡಿದು ಎಳೆದರೆಂದು ವಧೂವರರ ಹಿಂದೆ ಎರಡನೆಯ ಸಾಲಿನಲ್ಲಿ ನಿಂತವರು. ಅವರು ತೀರಿಕೊಂಡ ಮೇಲೆ ಮನೆಯವರು ಆ ಗುಂಪು ಫೋಟೊ ತಂದು, ಒಂದು ತಲೆಯ ಮೇಲೆ ಬೆರಳಿಟ್ಟು, ಉತ್ತರಕ್ರಿಯೆಗೆ ಬೇಕು, ಇವರನ್ನು ಮಾತ್ರ ದೊಡ್ಡದು ಮಾಡಿಕೊಡಿ ಎನ್ನುತ್ತಾರೆ. ಜಾಲ್ಸೂರಿನ ಹಿರಿಯರೊಬ್ಬರ ಅಂಥ ಫೋಟೊ ನೋಡಿದವರೆಲ್ಲ ಮುಖದಲ್ಲಿ ಎಂಥ ಸಮಾಧಾನ ಎಂದು ಕಣ್ಣೊರೆಸಿಕೊಂಡಿದ್ದರು. ಆ ಹಿರಿಯರು ನಿಜಕ್ಕೂ ನೋಡುತ್ತಿದ್ದದ್ದು ಪಂಕ್ತಿಯಲ್ಲಿ ಹತ್ತಿರ ಬರುತ್ತಿದ್ದ ಪಾಯಸದ ಬಕೆಟನ್ನು. ಬಕೆಟನ್ನು ನಾನು ಕತ್ತರಿಸಿದ್ದೆ, ಸಮಾಧಾನವನ್ನು ಬಿಟ್ಟಿದ್ದೆ.

ನನ್ನ ಮಾವನ ಫೋಟೊವೂ ಹಾಗೆಯೇ, ಕಲ್ಲುಗುಂಡಿಯ ಒಂದು ಮದುವೆಯಿಂದ ಕತ್ತರಿಸಿದ್ದು. ನನ್ನ ಹೆಂಡತಿ ಒಬ್ಬಳೇ ಮಗಳು. ಮಾವ, ಅತ್ತೆ ಇಬ್ಬರೂ ಮರ್ಕಂಜದಿಂದ ಬಂದು ನಮ್ಮೊಂದಿಗೇ ಇದ್ದವರು. ಮಾವ ಹೋದಾಗ ನನಗೆ ಕಂಪ್ಯೂಟರಿನ ವಿದ್ಯೆ ಅಷ್ಟಾಗಿ ಹತ್ತಿರಲಿಲ್ಲ. ಎಷ್ಟು ಜಾಗ್ರತೆಯಿಂದ ಕತ್ತರಿಸಿದರೂ ಪಕ್ಕದಲ್ಲಿ ನಿಂತಿದ್ದವರ ನೀಲಿ ಅಂಗಿಯ ಮೊಣಕೈಯೊಂದು ಮಾವನ ಪಕ್ಕೆಗೆ ಅಂಟಿಕೊಂಡು ಉಳಿಯಿತು. ಒಂಬತ್ತು ವರ್ಷ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಹೋದ ತಿಂಗಳು ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿ ಮನೆಗೆ ಬಂದವರು ಚಾವಡಿಯ ಗೋಡೆಯ ಮುಂದೆ ಬಹಳ ಹೊತ್ತು ನಿಂತು, ಇದು ಯಾರ ಕೈ ಎಂದು ಕೇಳಿದರು. ಯಾರದೆಂದು ನನಗೂ ಗೊತ್ತಿಲ್ಲ, ಈಗಲಾದರೂ ಅಳಿಸಿಕೊಡುತ್ತೇನೆ ಎಂದೆ. ಅದು ಬೇಡ, ಇಷ್ಟು ವರ್ಷ ಅದಕ್ಕೂ ಸೇರಿಸಿಯೇ ಹೂವಿಟ್ಟಾಗಿದೆ ಎಂದರು. ಆಮೇಲೆ ಕುರ್ಚಿಯಲ್ಲಿ ಕೂತು, ತರಕಾರಿಯ ಮಾತಾಡುವಷ್ಟು ಸಲೀಸಾಗಿ ಹೇಳಿದರು:

"ನನ್ನದು ಹಾಗೆ ಆಗುದು ಬೇಡ. ಈಗಲೇ ಒಂದು ತೆಗೆದಿಡಿ. ನಾನೊಬ್ಬಳೇ ಇರ್ಬೇಕು, ಕಣ್ಣು ಬಿಟ್ಟಿರ್ಬೇಕು. ಅಷ್ಟು ಸಾಕು."

ಅತ್ತೆ ಇಲ್ಲದ ಚಾವಡಿಯನ್ನು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ಆದರೆ ದುಃಖವಾದಾಗ ಏನಾದರೂ ಸಾಮಾನು ಜೋಡಿಸುವುದು ನನ್ನ ಸ್ವಭಾವ. ಮರುದಿನ ಸಂಜೆಯೇ ಸ್ಟುಡಿಯೊದಿಂದ ಮೂರು ಲೈಟುಗಳನ್ನೂ ಸ್ಟ್ಯಾಂಡುಗಳನ್ನೂ ಹೊತ್ತು ತಂದೆ. ಎಡಗಡೆ ಸ್ವಲ್ಪ ಎತ್ತರದಲ್ಲಿ ದೊಡ್ಡ ಲೈಟು, ಅದರ ಮುಂದೆ ಬಿಳಿ ಬಟ್ಟೆಯ ಪರದೆ. ಬೆಳಕು ಮೆತ್ತಗಾಗಿ ಬೀಳಬೇಕಲ್ಲ. ಬಲಗಡೆ ಕೆನ್ನೆಯ ನೆರಳು ತಿಳಿಯಾಗಲು ಒಂದು ಚಿಕ್ಕದು. ಹಿಂದಿನಿಂದ ಮೂರನೆಯದು, ಬಿಳಿಗೂದಲು ಗೋಡೆಯ ಸುಣ್ಣದಲ್ಲಿ ಕಳೆದುಹೋಗದಂತೆ. ಹೆಂಡತಿಗೆ ಒಂದು ಭಾಷಣವನ್ನೂ ಕೊಟ್ಟೆ: ಕಣ್ಣು ಬಿಟ್ಟರಷ್ಟೇ ಸಾಲದು, ಕಣ್ಣಿನೊಳಗೆ ಬೆಳಕಿನ ಒಂದು ಚುಕ್ಕಿ ಬೀಳಬೇಕು, ಅದಿಲ್ಲದಿದ್ದರೆ ಮುಖಕ್ಕೆ ಜೀವ ಬರುವುದಿಲ್ಲ. ಅವಳು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋದಳು.

ದೊಡ್ಡ ಲೈಟು ಹಾಕಿದೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದರು. ಸಂಜೆ ಮನೆಯಲ್ಲಿ ದೀಪ ಹತ್ತಿದರೆ ಕೈ ಮುಗಿಯುವುದು ನಮ್ಮಲ್ಲಿ ಹಿರಿಯರ ಅಭ್ಯಾಸ. ಅತ್ತೆ ಅದನ್ನು ಚಿಮಿಣಿ ದೀಪದಿಂದ ಬಲ್ಬಿಗೆ, ಬಲ್ಬಿನಿಂದ ಟ್ಯೂಬ್‌ಲೈಟಿಗೆ ತಪ್ಪದೆ ನಡೆಸಿಕೊಂಡು ಬಂದವರು. ಸಂಜೆ ಹೊತ್ತು ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿನ ಬಲ್ಬಿಗೂ ಒಂದು ಸಣ್ಣ ನಮಸ್ಕಾರ ಸಲ್ಲುತ್ತದೆ. ಎರಡನೆಯ ಲೈಟು ಹಾಕಿದೆ, ಎರಡನೆಯ ನಮಸ್ಕಾರ. ಮೂರನೆಯದು ಅವರ ಬೆನ್ನ ಹಿಂದೆ ಇತ್ತು. ಕುರ್ಚಿಯಲ್ಲಿ ಪೂರ್ತಿ ತಿರುಗಿ ಅದಕ್ಕೂ ಕೈ ಮುಗಿದರು. ಎಲ್ಲ ಮುಗಿದು ನಾನು ಕ್ಯಾಮರಾದ ಹಿಂದೆ ಓಡಿ ಬಂದು ನೋಡಿದರೆ, ಠಾಣೆಯಲ್ಲಿ ದೂರು ಕೊಡಲು ಕೂತವರಂತೆ ತುಟಿ ಬಿಗಿದುಕೊಂಡಿದ್ದರು. ಅದು ನಮ್ಮ ಅತ್ತೆಯ ಮುಖವೇ ಅಲ್ಲ. ಅವರ ಮುಖ ಇದ್ದದ್ದು ನಮಸ್ಕಾರ ಮುಗಿಸಿ ಕಣ್ಣು ಬಿಡುವ ಆ ಒಂದು ಕ್ಷಣದಲ್ಲಿ, ಮತ್ತು ಆ ಕ್ಷಣದಲ್ಲಿ ನಾನು ಪ್ರತಿಸಲವೂ ಸ್ವಿಚ್ಚಿನ ಹತ್ತಿರ ಇರುತ್ತಿದ್ದೆ.

ಹೆಂಡತಿಯನ್ನು ಸ್ವಿಚ್ಚಿಗೆ ನಿಲ್ಲಿಸಿದೆ. ಕ್ಯಾಮರಾ ಕಾಯುತ್ತಿದೆ ಎಂದು ಗೊತ್ತಾದದ್ದೇ ಅತ್ತೆಯ ನಮಸ್ಕಾರವೂ ಬಿಗಿಯಾಯಿತು. ಲೈಟು ಹಿಂದೆ ಸರಿಸಿದೆ, ಬೆಳಕು ಮುಖಕ್ಕೆ ತಿರುಗಲೆಂದು ಥರ್ಮಾಕೋಲ್ ಹಲಗೆ ಹಿಡಿಸಿದೆ. ಹೀಗೆ ಆರು ಸಂಜೆಗಳಾದವು. ಆರನೆಯ ಸಂಜೆ ನಾನು ಸ್ವಲ್ಪ ಸಿಡುಕಿಯೇ ಹೇಳಿದೆ, ಇದು ದೇವರ ದೀಪ ಅಲ್ಲ ಅತ್ತೆ, ಸ್ಟುಡಿಯೊ ಲೈಟು, ಇದಕ್ಕೆಲ್ಲ ಕೈ ಮುಗಿಯಬೇಕೆಂದಿಲ್ಲ.

"ಲೈಟಿಗೆ ಯಾರು ಮುಗಿದದ್ದು?" ಎಂದರು ಅತ್ತೆ. "ಬೆಳಕು ಬಂತಲ್ಲ, ಅದಕ್ಕೆ."

ಇಪ್ಪತ್ತೆಂಟು ವರ್ಷ ಬೆಳಕಿನಿಂದಲೇ ಅನ್ನ ಉಂಡವನು ನಾನು. ಲೈಟುಗಳನ್ನು ಒಂದೊಂದಾಗಿ ಆರಿಸಿದೆ.

ಏಳನೆಯ ಸಂಜೆ ಎಲ್ಲ ಜೋಡಿಸಿ, ಅತ್ತೆಯ ಪಕ್ಕದಲ್ಲಿ ನಿಂತು ಅವರ ಸೀರೆಯ ಸೆರಗು ಸರಿಮಾಡುತ್ತಿದ್ದಾಗ ಕರೆಂಟು ಹೋಯಿತು. ಮೂರು ಲೈಟುಗಳೂ ಒಟ್ಟಿಗೆ ಕಣ್ಣು ಮುಚ್ಚಿದವು. ಹೆಂಡತಿ ದೇವರ ಕೋಣೆಯಿಂದ ದೀಪ ತಂದು ನಮ್ಮೆದುರಿನ ಸ್ಟೂಲಿನ ಮೇಲೆ ಇಟ್ಟಳು. ಮೆಲ್ಲನೆ ಚಾವಡಿ ಬೆಳಗಿತು. ಆಮೇಲೆ ಏನಾಯಿತೆಂದು ನಾನು ಹೇಳಲಾರೆ, ಯಾಕೆಂದರೆ ನಾನು ನೋಡಲಿಲ್ಲ. ಹೆಂಡತಿ ನಕ್ಕದ್ದು ಕೇಳಿ ಕಣ್ಣು ಬಿಟ್ಟರೆ ಅವಳ ಕೈಯಲ್ಲಿ ಫೋನಿತ್ತು. ವಾರವಿಡೀ ಅಮ್ಮನಿಗೆ ಬುದ್ಧಿ ಹೇಳಿದ ಗಂಡ ಸ್ವತಃ ಕೈ ಮುಗಿದು, ಕಣ್ಣು ಮುಚ್ಚಿ ನಿಂತದ್ದನ್ನು ಅವಳು ಬಿಡುವುದುಂಟೇ?

ಫೋನು ನೋಡಿದೆ. ನಾನಿದ್ದೆ, ಕೈ ಮುಗಿದು, ಕಣ್ಣು ಮುಚ್ಚಿಕೊಂಡು. ಪಕ್ಕದಲ್ಲಿ ಅತ್ತೆ. ಅವರ ನಮಸ್ಕಾರ ನನಗಿಂತ ಮೊದಲೇ ಮುಗಿದಿತ್ತು. ಕೈಗಳು ಮಡಿಲಿಗೆ ಇಳಿದಿದ್ದವು, ಮುಖ ತುಸು ಎತ್ತಿ ನನ್ನನ್ನು ನೋಡುತ್ತಿದ್ದರು, ತುಟಿಯ ತುದಿಯಲ್ಲಿ ನಗು. ಆಪರೇಷನ್ ಆದ ಎರಡು ಕಣ್ಣುಗಳಲ್ಲೂ ಒಂದೊಂದು ಪುಟ್ಟ ದೀಪ ಉರಿಯುತ್ತಿತ್ತು. ಅಂಥ ಫೋಟೊ ನಾನು ಜನ್ಮದಲ್ಲಿ ತೆಗೆದಿಲ್ಲ.

ಮರುದಿನ ಸ್ಟುಡಿಯೊದಲ್ಲಿ ಕತ್ತರಿಸಲು ಕೂತೆ. ಮುಗಿದ ಕೈಯ ನನ್ನ ಮೊಣಕೈ ಅತ್ತೆಯ ಭುಜಕ್ಕೆ ಒತ್ತಿಕೊಂಡಿತ್ತು. ಎಲ್ಲಿ ಗೆರೆ ಎಳೆದರೂ ಅದು ಅತ್ತೆಯ ಪಾಲಿಗೇ ಬರುತ್ತಿತ್ತು. ಇಡೀ ಫೋಟೊದ ಒಂದು ಪ್ರತಿ ಹಾಕಿ, ಮೊಣಕೈಯನ್ನು ಅತ್ತೆಯ ಕಡೆಗೇ ಬಿಟ್ಟು ಕತ್ತರಿಸಿ, ಅವರ ಅರ್ಧವನ್ನು ಸಂಜೆ ಅತ್ತೆಗೆ ತೋರಿಸಿ, ಈ ಕೈಯನ್ನು ಕಂಪ್ಯೂಟರಿನಲ್ಲಿ ನಾಳೆ ಅಳಿಸಿಬಿಡುತ್ತೇನೆ, ನೀವೊಬ್ಬರೇ ಇರುತ್ತೀರಿ ಎಂದೆ. ಅತ್ತೆ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಬೆರಳಿನಿಂದ ಆ ಮೊಣಕೈಯನ್ನು ಒಮ್ಮೆ ಸವರಿದರು.

"ಇರಲಿ," ಎಂದರು. "ಯಾರ ಕೈ ಅಂತ ಗೊತ್ತುಂಟಲ್ಲ."

ನಾನು ಲೈಟಿನ ಸ್ಟ್ಯಾಂಡು ಮಡಚುವ ನೆಪದಲ್ಲಿ ಆಚೆ ತಿರುಗಿದೆ. ಅತ್ತೆ ಫೋಟೊವನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿಟ್ಟು, ಅವಸರವೇನೂ ಇಲ್ಲ ಎಂದು ನನಗೇ ಸಮಾಧಾನ ಹೇಳಿದರು. ಆಮೇಲೆ ಏನೋ ನೆನಪಾದವರಂತೆ, ಕತ್ತರಿಸಿ ಉಳಿದ ಅರ್ಧವನ್ನು ಎಸೆಯಬೇಡಿ, ನಿಮಗೂ ಒಂದು ದಿನ ಬೇಕಾಗುತ್ತದೆ ಎಂದರು. ಆ ಅರ್ಧ ಈಗ ನನ್ನ ಮೇಜಿನ ಮೇಲಿದೆ. ಬೆಳಕೇನೋ ಚೆನ್ನಾಗಿಯೇ ಬಿದ್ದಿದೆ. ನನ್ನ ಕಣ್ಣುಗಳು ಮುಚ್ಚಿವೆ, ಮತ್ತು ಒಂದು ಮೊಣಕೈ ಅತ್ತೆಯ ಕಪಾಟಿನಲ್ಲಿದೆ.